ಬೂದನನ್ನು ಅಟ್ಟಿದ ದಿನ

ಕುರುಗೋಡಿನ ಹಂಪಯ್ಯನ ಮನೆಯಲ್ಲಿ ಹಂಚಿನಿಂದ ಮೊದಲು ಇಳಿದ ರೊಟ್ಟಿ ಮನುಷ್ಯರ ಬಾಯಿಗೆ ಹೋಗುತ್ತಿರಲಿಲ್ಲ. ಅದನ್ನು ಮುರಿದು, ಮಜ್ಜಿಗೆಯಲ್ಲಿ ನೆನೆಸಿ, ಮಣ್ಣಿನ ಬಾನಿಯಲ್ಲಿ ಇಟ್ಟು ಚಿಗರಿಯನ್ನೂ ಬೂದನನ್ನೂ ಕರೆಯಬೇಕು. ಅವೆರಡೂ ತಿಂದು ಬಾಯಿ ನೆಕ್ಕಿಕೊಂಡ ಮೇಲೆಯೇ ಮನೆಯವರ ಊಟ. ಮದುವೆಯಾಗಿ ಬಂದ ಹೊಸದರಲ್ಲಿ ಸುಂಕಲಮ್ಮನಿಗೆ ಇದು ವಿಚಿತ್ರವಾಗಿ ಕಂಡಿತ್ತು. ಆಗ ಇದ್ದದ್ದು ಇವೆರಡರ ಅಜ್ಜಿಯಾದ ಹೆಣ್ಣುನಾಯಿ. ತನಗಿಂತ ಮೊದಲು ನಾಯಿ ಉಣ್ಣುವ ಮನೆಗೆ ಕೊಟ್ಟರಲ್ಲ ಎಂದು ತವರಿಗೆ ಹೋದಾಗ ಅತ್ತಿದ್ದಳು ಕೂಡ. ವರ್ಷ ಕಳೆಯುವುದರಲ್ಲಿ ಅವಳೇ ಬದಲಾದಳು. ಆ ನಾಯಿ ಬರುವುದು ತಡವಾದರೆ ಅವಳ ಗಂಟಲಲ್ಲೂ ತುತ್ತು ಇಳಿಯುತ್ತಿರಲಿಲ್ಲ.

ಹಂಪಯ್ಯ ಕೂಲಿಯವನು. ಬಿತ್ತನೆ, ಕಳೆ, ಕೊಯ್ಲು ಎಂದು ಊರವರ ಹೊಲದಲ್ಲಿ ದುಡಿಯುತ್ತಿದ್ದ. ಕೆಲಸವಿಲ್ಲದ ದಿನ ಅವನೂ ಅವನ ತಮ್ಮ ಚಿನ್ನಪ್ಪನೂ ನಾಯಿಗಳನ್ನು ಹಗ್ಗದಲ್ಲಿ ಹಿಡಿದು ಮೊಲದ ಬೇಟೆಗೆ ಹೋಗುತ್ತಿದ್ದರು. ಊರ ಸುತ್ತಲಿನ ಬಂಡೆಗುಡ್ಡಗಳ ಬುಡದಲ್ಲಿ ಕುರುಚಲು ಕಾಡು, ಅದು ಮುಗಿದಲ್ಲಿಂದ ಕಣ್ಣು ಹಾಯುವವರೆಗೆ ಎರೆಹೊಲ. ಜೋಳ ಕೊಯ್ದ ಮೇಲೆ ಆ ಬಯಲಿನಲ್ಲಿ ಮೊಲಕ್ಕೆ ಅಡಗಲು ಕೂಳೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಚಿನ್ನಪ್ಪ ಕೋಲಿನಿಂದ ತಂಗಡಿ ಪೊದೆಗಳನ್ನು ಬಡಿಯುತ್ತ ಮುಂದೆ ಹೋಗುವನು. ಹಂಪಯ್ಯ ಎರಡೂ ಹಗ್ಗಗಳನ್ನು ಕೈಗೆ ಸುತ್ತಿಕೊಂಡು ಗಾಳಿಗೆ ಎದುರಾಗಿ ನಿಲ್ಲುವನು. ಮೊಲ ಎದ್ದಿತೋ, ಹಗ್ಗ ಸಡಿಲ.

ಆಮೇಲೆ ನೋಡುವುದಕ್ಕೆ ಎರಡು ಕಣ್ಣು ಸಾಲದು. ಚಿಗರಿ ಅಂದರೆ ಜಿಂಕೆ, ಅವಳದು ಹೆಸರಿಗೆ ತಕ್ಕ ಓಟ, ಕಾಲು ನೆಲಕ್ಕೆ ತಾಗುತ್ತದೆಯೋ ಇಲ್ಲವೋ ಅನ್ನಬೇಕು. ಅವಳು ಮೊಲವನ್ನು ಹಿಡಿಯಲು ಹೋಗುತ್ತಿರಲಿಲ್ಲ, ಬಲಕ್ಕೆ ಬಂದು ಅದನ್ನು ಎಡಕ್ಕೆ ತಿರುಗಿಸುವಳು. ಬೂದ ಮೊದಲೇ ಎಡಕ್ಕೆ ಹೋಗಿ ಕಾದಿರುವನು. ಇವಳು ತಿರುಗಿಸದಿದ್ದರೆ ಅವನಿಗೆ ಸಿಗದು, ಅವನಿರದಿದ್ದರೆ ಇವಳ ಓಟ ದಂಡ. ಇದನ್ನು ಅವಕ್ಕೆ ಯಾರೂ ಕಲಿಸಿರಲಿಲ್ಲ. ಒಂದೇ ಹೊಟ್ಟೆಯಲ್ಲಿ ಕಲಿತು ಬಂದಿದ್ದವು.

ತುಂಗಭದ್ರೆಯ ಆಚೆ ರಜಾಕಾರರ ಗದ್ದಲ ಎದ್ದ ವರ್ಷ, ಹೊಳೆ ದಾಟಿ ಜನ ಸಿರುಗುಪ್ಪದ ಕಡೆಗೆ ಓಡಿ ಬರುತ್ತಿದ್ದ ದಿನಗಳಲ್ಲಿ, ಇವುಗಳ ತಾಯಿ ಕೆಂಪಿ ಇವನ್ನು ಈದು, ಮರಿಗಳು ಇನ್ನೂ ಕಣ್ಣು ಬಿಡುವ ಮೊದಲೇ ಹಾವು ಕಚ್ಚಿ ಸತ್ತಿತ್ತು. ಉಳಿದ ಈ ಎರಡಕ್ಕೆ ಅಣ್ಣ ತಮ್ಮ ಸೇರಿ ಆಡಿನ ಹಾಲಲ್ಲಿ ಬಟ್ಟೆಯ ಬತ್ತಿ ಅದ್ದಿ ಚೀಪಿಸಿದರು. ಚಿನ್ನಪ್ಪನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಮರಿಗಳನ್ನು ಕಂಬಳಿಯೊಳಗೆ ಎದೆಗೆ ಅವುಚಿಕೊಂಡು ಮಲಗುತ್ತಿದ್ದ. ಚಿನ್ನಪ್ಪನನ್ನು ಬೆಳೆಸಿದವನೂ ಹಂಪಯ್ಯನೇ. ಅಪ್ಪ ಅವ್ವ ಇಬ್ಬರೂ ಒಂದೇ ವಾರದಲ್ಲಿ ವಾಂತಿಭೇದಿಯಲ್ಲಿ ಹೋದಾಗ ಚಿನ್ನಪ್ಪ ಅಂಗಳದಲ್ಲಿ ಮಣ್ಣಾಡುವ ಕೂಸು. ಸುಂಕಲಮ್ಮ ತನ್ನ ಮಕ್ಕಳಿಗಿಂತ ಮೊದಲು ಎತ್ತಿ ಆಡಿಸಿದ್ದು ಆ ಮೈದುನನನ್ನು. ಆಮೇಲೆ ಅವಳಿಗೆ ಹುಟ್ಟಿದ ಹೆಣ್ಣುಮಕ್ಕಳಿಬ್ಬರೂ ಬೆಳೆದು ಗಂಡನ ಮನೆ ಸೇರಿದರು, ಮನೆಯಲ್ಲಿ ಮಗನ ಹಾಗೆ ಉಳಿದವನು ಚಿನ್ನಪ್ಪನೊಬ್ಬನೇ.

ಬೇಟೆನಾಯಿ ಸಾಕುವುದು ಬರೀ ಅನ್ನ ಹಾಕುವುದಲ್ಲ. ಬಯಲಿಂದ ಬಂದ ಕೂಡಲೇ ನೀರು ಕೊಡಬಾರದು, ಏದುಸಿರು ಇಳಿಯಬೇಕು. ಒಂದೊಂದೇ ಪಾದ ಎತ್ತಿ ಬೆರಳ ಸಂದಿಯಲ್ಲಿ ಜಾಲಿಮುಳ್ಳು ಇದೆಯೇ ನೋಡಬೇಕು. ಔಡಲೆಣ್ಣೆ ಬೆಚ್ಚಗೆ ಮಾಡಿ, ಅರಿಶಿನ ಕಲಸಿ, ಅಂಗಾಲಿಗೆ ತಿಕ್ಕಬೇಕು. ಕಿವಿಯ ಬುಡದಲ್ಲಿ ಉಣ್ಣಿ ಕೂತರೆ ಬೇವಿನೆಣ್ಣೆ ಹಚ್ಚಿ ಬಿಡಿಸಬೇಕು. ಬೇಟೆಯ ಹಿಂದಿನ ಹೊತ್ತು ಹೊಟ್ಟೆ ಹಗುರ ಇಡಬೇಕು, ಮೊಲ ಸಿಕ್ಕರೆ ಅದರ ಗುಂಡಿಗೆ ಕಾರಿಜ ನಾಯಿಗೇ ಮೊದಲು. ಹಂಪಯ್ಯ ಇದೆಲ್ಲವನ್ನೂ ತಾನೇ ಮಾಡುತ್ತಿದ್ದ. ಅವನ ಕೈ ಅಂದರೆ ನಾಯಿಗಳಿಗೆ ಅಷ್ಟು ನಂಬಿಕೆ. ಆಳವಾದ ಮುಳ್ಳು ಕೀಳುವಾಗಲೂ ಮೂತಿ ಅವನ ತೊಡೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದವು.

ಆದರೂ ಬೂದನ ಮೇಲೆ ಚಿನ್ನಪ್ಪನಿಗೇ ಹೆಚ್ಚು ಹಕ್ಕು. ಒಮ್ಮೆ ಗುಡ್ಡದ ಬುಡದಲ್ಲಿ ಮೊಲದ ಬೆನ್ನು ಹತ್ತಿ ಬೂದ ಬಂಡೆಗಳ ಸಂದಿಗೆ ಬಿದ್ದ. ಎದೆಯ ಚರ್ಮ ಸೀಳಿ ಒಳಗಿನ ಮಾಂಸ ಕಾಣುತ್ತಿತ್ತು. ಬದುಕುವುದಿಲ್ಲ ಎಂದು ಹಂಪಯ್ಯನೇ ಕೈ ಚೆಲ್ಲಿದ. ಚಿನ್ನಪ್ಪ ತನ್ನ ರುಮಾಲು ಬಿಚ್ಚಿ ನಾಯಿಯ ಎದೆಗೆ ಸುತ್ತಿ, ಹೆಗಲ ಮೇಲೆ ಹಾಕಿಕೊಂಡು ಬಳ್ಳಾರಿಯ ದಾರಿ ಹಿಡಿದ. ಬಸ್ಸಿನವರು ನಾಯಿ ಕಂಡು ಹತ್ತಿಸಿಕೊಳ್ಳಲಿಲ್ಲ. ಸುಡುಬಿಸಿಲಲ್ಲಿ ಅಷ್ಟು ದೂರ ನಡೆದೇ ಹೋದ. ದನದ ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಹೊಲಿಗೆ ಒಣಗುವ ತನಕ ಆ ಊರಿನ ಕೌಲ್‌ಬಜಾರಿನಲ್ಲಿ ಪರಿಚಯದವರೊಬ್ಬರ ಟಾಂಗಾ ಲಾಯದಲ್ಲಿ, ಕುದುರೆ ಹುಲ್ಲಿನ ಮೇಲೆ ನಾಯಿಯ ಪಕ್ಕ ಮಲಗಿದ. ಬೂದ ಕುಂಟುತ್ತ ಅವನ ಹಿಂದೆ ಕುರುಗೋಡಿಗೆ ಬಂದಾಗ ಸುಂಕಲಮ್ಮ ಇಬ್ಬರಿಗೂ ದೃಷ್ಟಿ ತೆಗೆದಳು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೂದ ಮತ್ತೆ ಬಯಲಿನ ಎಡಕ್ಕೆ ಹೋಗಿ ಕಾಯತೊಡಗಿದ.

ಆಮೇಲೆ ಕಾಲುವೆ ಬಂತು. ಹೊಸಪೇಟೆಯ ಹತ್ತಿರ ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟುತ್ತಿದ್ದ ಸುದ್ದಿ ಎಷ್ಟೋ ವರ್ಷದಿಂದ ಇತ್ತು. ಈಗ ಅದರ ಕಾಲುವೆ ಕುರುಗೋಡಿನ ಹೊಲಗಳನ್ನು ಸೀಳಿಕೊಂಡು ಸಿರಿಗೇರಿ, ಸಿರುಗುಪ್ಪದ ಕಡೆಗೆ ಹೊರಟಿತು. ಚಿನ್ನಪ್ಪ ಮಣ್ಣು ಹೊರುವ ಕೆಲಸಕ್ಕೆ ಸೇರಿದ. ಕರೂರಿನ ಹುಲುಗಮ್ಮನನ್ನು ಅವನಿಗೆ ತಂದುಕೊಂಡದ್ದೂ ಆ ದಿನಗಳಲ್ಲೇ. ಮಾವನಿಗೆ ಕಾಲುವೆಯ ಕೆಳಗೆ ಬರುವ ಒಂದು ತುಂಡು ಹೊಲವಿತ್ತು, ಮಾಡುವ ಗಂಡಾಳು ಇರಲಿಲ್ಲ. ಅಳಿಯ ಬಂದು ಭತ್ತ ಮಾಡಲಿ ಎಂದು ಮಾವ ಹೇಳಿ ಕಳಿಸಿದ.

ಅದೇ ಹೊತ್ತಿಗೆ ಊರ ಸುತ್ತಲಿನ ಕುರುಚಲು ಕಡಿಯುತ್ತಿದ್ದರು. ನೀರು ಬರುತ್ತದೆಂದು ಬಯಲಿಗೆ ಬದು ಹಾಕಿ ಮಟ್ಟ ಮಾಡುತ್ತಿದ್ದರು. ಮೊಲಗಳು ಎಲ್ಲಿಗೆ ಹೋದವೋ. ಹಂಪಯ್ಯ ದಿನವಿಡೀ ತಿರುಗಿ ಬರಿಗೈಯಲ್ಲಿ ಬರುವುದು ಹೆಚ್ಚಾಯಿತು. ಆದರೆ ಆ ಮಾತನ್ನು ಯಾರಾದರೂ ಎತ್ತಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಎತ್ತಿದವನು ಚಿನ್ನಪ್ಪ.

"ಇಲ್ಲಿ ಇನ್ನ ಮೊಲ ಉಳಿಯಾಂಗಿಲ್ಲ ಅಣ್ಣಾ. ಎಲ್ಲಾ ಗದ್ದಿ ಆಗ್ತೈತಿ. ನೀನೂ ಅತ್ತಿಗೀನೂ ಕರೂರಿಗೆ ಬರ್ರಿ. ಕೂಡೇ ದುಡಿಯಾಣು."

ತನ್ನ ಕೈಯಲ್ಲಿ ಬೆಳೆದ ತಮ್ಮ ತನಗೆ ಬದುಕಿನ ದಾರಿ ಹೇಳುತ್ತಿದ್ದಾನೆ ಎನ್ನುವುದೇ ಹಂಪಯ್ಯನಿಗೆ ತಡೆಯದಾಯಿತು. ಹೋಗುವವರು ಹೋಗಲಿ, ತಾನು ಕೆಸರಿನಲ್ಲಿ ಕಾಲಿಡುವವನಲ್ಲ ಎಂದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಚಿನ್ನಪ್ಪ, ಹೋಗುವುದಾದರೆ ಬೂದನನ್ನು ಕರೆದುಕೊಂಡೇ ಹೋಗುತ್ತೇನೆ ಎಂದ.

"ಬೇಟಿ ಬಿಟ್ಟಾಂವಗ ನಾಯಿ ಯಾಕಲೇ?"

"ಬಳ್ಳಾರಿ ತನಕ ಹೊತ್ತಾಂವ ನಾನು," ಎಂದ ಚಿನ್ನಪ್ಪ. ಅವನ ದನಿ ಏರಿರಲಿಲ್ಲ.

ಹಂಪಯ್ಯ ಎರಡನ್ನೂ ಒಯ್ಯಿ ಎಂದಿದ್ದರೆ ಆಗುತ್ತಿತ್ತು, ಎರಡನ್ನೂ ಬಿಟ್ಟು ಹೋಗು ಎಂದು ಕೈ ಹಿಡಿದಿದ್ದರೂ ಚಿನ್ನಪ್ಪ ಬಿಟ್ಟು ಹೋಗುತ್ತಿದ್ದನೇನೋ. ಹಂಪಯ್ಯ ಎರಡೂ ಮಾಡಲಿಲ್ಲ. ಎದ್ದು ತಾನೇ ಬೂದನ ಕೊರಳಿಗೆ ಹಗ್ಗ ಕಟ್ಟಿ ತಮ್ಮನ ಕೈಗೆ ಕೊಟ್ಟು, ಹಿತ್ತಲಿಗೆ ಹೋಗಿಬಿಟ್ಟ. ಗಾಡಿ ಹೊರಟಾಗ ಚಿಗರಿ ಬಾಗಿಲ ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ಜಗ್ಗಿ ಜಗ್ಗಿ ಕೂಗಿದಳು. ಸುಂಕಲಮ್ಮ ಸೆರಗು ಬಾಯಿಗಿಟ್ಟು ನಿಂತಿದ್ದಳು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಬೂದ ಹೊಸ್ತಿಲಲ್ಲಿ ಮಲಗಿದ್ದ. ಕೊರಳಲ್ಲಿ ಕಡಿದ ಹಗ್ಗದ ತುಂಡು, ಪಾದಗಳಲ್ಲಿ ರಕ್ತ. ಕರೂರಿನಿಂದ ಸಿರಿಗೇರಿ ಮೇಲೆ ಹಾಯ್ದು, ಇನ್ನೂ ನೀರು ಬಿಡದ ಕಾಲುವೆಯ ಗುಂಡಿಯನ್ನು ಇಳಿದು ಹತ್ತಿ ಬಂದಿದ್ದ. ಹಂಪಯ್ಯನ ಮುಖದಲ್ಲಿ ಅರಳಿದ ಸಂತೋಷವನ್ನು ಸುಂಕಲಮ್ಮ ನೋಡಿದಳು. ನೋಡಿಯೂ, ಚಿನ್ನಪ್ಪನಿಗೆ ಇಂದೇ ಹೇಳಿ ಕಳಿಸಬೇಕು ಎಂದಳು. ಹಂಪಯ್ಯ ಹೂಂ ಎಂದ, ಕಳಿಸಲಿಲ್ಲ. ಪಾದ ಮಾಯುತ್ತಲೇ ಎರಡನ್ನೂ ಬಯಲಿಗೆ ಬಿಟ್ಟ. ಅಂದು ಮೊಲ ಸಿಕ್ಕಿತು. ಅದರ ಮಾಂಸ ಬೇಯುತ್ತಿರುವಾಗಲೇ ಚಿನ್ನಪ್ಪ ಬಂದ. ಒಲೆಯ ಮೇಲಿನ ಗಡಿಗೆಯನ್ನೂ ಅಣ್ಣನ ಮುಖವನ್ನೂ ಒಮ್ಮೆ ನೋಡಿ, ನೀರೂ ಕುಡಿಯದೆ ನಾಯಿಯನ್ನು ಎಳೆದುಕೊಂಡು ಹೋದ.

ಬೂದ ಮತ್ತೆ ಬಂದ. ಈ ಸಲ ಹಂಪಯ್ಯ ತಪ್ಪು ಮಾಡಲಿಲ್ಲ. ಹಗ್ಗ ಹಾಕಿ ಸಿರಿಗೇರಿಯ ತನಕ ತಾನೇ ನಡೆಸಿಕೊಂಡು ಹೋಗಿ, ಕರೂರಿನ ಗಾಡಿಯ ಜಂಬಣ್ಣನ ಕೈಗೆ ಒಪ್ಪಿಸಿ ಬಂದ. ಅದೇ ಜಂಬಣ್ಣ ಮುಂದಿನ ಸಂತೆಗೆ ಕುರುಗೋಡಿಗೆ ಬಂದಾಗ, ಹೇಳಲೋ ಬೇಡವೋ ಎಂದು ಕುಳಿತಲ್ಲೇ ಮಿಸುಕಾಡುತ್ತ ಚಿನ್ನಪ್ಪ ಅಂದದ್ದನ್ನು ಹೇಳಿದ. ಅಣ್ಣ ನಾಯಿಗೆ ಮೊಲದ ರುಚಿ ಹಚ್ಚಿ ಹಚ್ಚಿ ಎಳೆದುಕೊಳ್ಳುತ್ತಿದ್ದಾನೆ, ಮುಂದಿಂದ ಕೊಟ್ಟಂತೆ ಮಾಡಿ ಹಿಂದಿಂದ ಕಸಿದುಕೊಳ್ಳುವ ಮನುಷ್ಯ, ಅಂದನಂತೆ.

ಹಂಪಯ್ಯ ಆ ರಾತ್ರಿ ಉಣ್ಣಲಿಲ್ಲ. ಕಸಿದುಕೊಳ್ಳುವ ಮನುಷ್ಯ. ತನ್ನ ತಟ್ಟೆಯದನ್ನು ಅವನ ತಟ್ಟೆಗೆ ಹಾಕಿ ಬೆಳೆಸಿದ ಮೇಲೆ ಈ ಮಾತು. ಎದೆಯೊಳಗೆ ಮುಳ್ಳು ಮುರಿದು ಕೂತ ಹಾಗಾಯಿತು, ಹೊರಗೆ ತುದಿಯೂ ಕಾಣದು, ಕೀಳುವುದು ಹೇಗೆ?

ಕಾಲುವೆಗೆ ನೀರು ಬಿಟ್ಟ ದಿನ ಕುರುಗೋಡಿನಲ್ಲಿ ಒಬ್ಬರೂ ಮನೆಯಲ್ಲಿರಲಿಲ್ಲ. ಹೆಂಗಸರು ಕಾಯಿ, ಕುಂಕುಮ, ಬಾಳೆಹಣ್ಣು ಹಿಡಿದು ಹೊರಟರು. ಹಲಗೆಯವರು ಮುಂದೆ ಬಾರಿಸುತ್ತ ನಡೆದರು. ಸುಂಕಲಮ್ಮ ಗಂಡನನ್ನೂ ಕರೆದಳು, ಅವನು ಬರಲಿಲ್ಲ. ಖಾಲಿಯಾದ ಕೇರಿಯಲ್ಲಿ, ಅಂಗಳದ ಬೇವಿನ ನೆರಳಲ್ಲಿ ಕೂತು ಚಿಗರಿಯ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದ.

ಚಿಗರಿ ಒಮ್ಮೆಗೇ ಕಿವಿ ನಿಮಿರಿಸಿ ಎದ್ದು ನಿಂತಳು. ಸಂದಿಯ ತಿರುವಿನಲ್ಲಿ ಬೂದ ಕಾಣಿಸಿದ. ನೀರು ಮುಟ್ಟುವ ಮೊದಲೇ, ನಸುಕಿನಲ್ಲಿ, ಕಾಲುವೆ ದಾಟಿರಬೇಕು. ಹೊಟ್ಟೆ ಬೆನ್ನಿಗೆ ಹತ್ತಿತ್ತು, ನಾಲಿಗೆ ಪೂರ ಹೊರಗೆ. ಚಿಗರಿ ಅವನ ಸುತ್ತ ಸುತ್ತಿ ಅವನ ಮೂತಿ, ಕಿವಿ, ಎದೆಯ ಹಳೆಯ ಗಾಯದ ಕಲೆ ಎಲ್ಲವನ್ನೂ ನೆಕ್ಕಿದಳು. ಬೂದ ಬಂದು ಹಂಪಯ್ಯನ ಮೊಣಕಾಲ ಮೇಲೆ ತಲೆ ಇಟ್ಟ.

ಹಂಪಯ್ಯನ ಕೈ ತಾನಾಗಿ ಮೇಲೆದ್ದಿತು, ಅವನು ಅದನ್ನು ತಡೆದ. ಇವತ್ತು ಮುಟ್ಟಿದರೆ ಇದು ಮತ್ತೆ ಬರುತ್ತದೆ. ಮತ್ತೆ ಚಿನ್ನಪ್ಪ ಬರುತ್ತಾನೆ, ಮತ್ತೆ ಅದೇ ಮಾತು. ಹೀಗೆ ಬಂದು ಹೋಗಿ ಮಾಡುತ್ತ ನಾಯಿಯೂ ದಾರಿಯಲ್ಲೆಲ್ಲೋ ಸಾಯುತ್ತದೆ. ನಾಯಿಗೆ ಒಂದು ಮನೆ ಬಿಡಿಸಬೇಕಾದರೆ ಆ ಮನೆಯ ಮೇಲೆ ಅದರ ಮನಸ್ಸು ಮುರಿಯಬೇಕು. ಅದು ಅವನಿಗೆ ಗೊತ್ತಿತ್ತು. ಹೇಗೆ ಮುರಿಯಬೇಕು ಎನ್ನುವುದೂ ಗೊತ್ತಿತ್ತು. ತಮ್ಮನ ಮೇಲಿನ ಸಿಟ್ಟು ಅದರಲ್ಲಿ ಎಷ್ಟಿತ್ತು, ನಾಯಿಯ ಮೇಲಿನ ಕರುಣೆ ಎಷ್ಟಿತ್ತು ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ಒಂದು ದಿನವೂ ಅದು ಬಗೆಹರಿಯಲಿಲ್ಲ.

ಎದ್ದು ನಿಂತು ಹಚಾ ಎಂದು ಗದರಿದ. ಬೂದ ಬಾಲ ಆಡಿಸಿದ. ಮಣ್ಣಿನ ಹೆಂಟೆ ಎತ್ತಿ ಎಸೆದ. ಆಟವೆಂದುಕೊಂಡು ಬೂದ ಅದನ್ನು ಮೂಸಿ ನೋಡಿ ಹತ್ತಿರ ಬಂದ. ಆಗ ಹಂಪಯ್ಯ ಕಲ್ಲು ಎತ್ತಿದ. ಅದು ಪಕ್ಕೆಗೆ ಬಿತ್ತು. ಬೂದ ಕಿರುಚಿ ಹಿಂದೆ ಸರಿದು, ಓಡಲಿಲ್ಲ, ನಿಂತು ಅವನ ಮುಖವನ್ನೇ ನೋಡಿದ. ಚಿಗರಿ ಇಬ್ಬರ ನಡುವೆ ಬಂದು ನಿಂತಳು. ಹಂಪಯ್ಯ ಅವಳನ್ನು ಕಾಲಿನಿಂದ ನೂಕಿ ಇನ್ನೊಂದು ಕಲ್ಲು ಎಸೆದ. ಚಿಗರಿ ಗೋಡೆಗೆ ಬೆನ್ನು ಹಚ್ಚಿ ಕುಸಿದು ಕೂತಳು.

ಬೂದ ಸಂದಿಯ ಕೊನೆಗೆ ಹೋಗಿ ಕೂತ. ಹಂಪಯ್ಯ ಅಲ್ಲಿಗೂ ಹೋದ. ಊರ ಹೊರಗಿನ ಹುಣಸೆಮರ ದಾಟುವ ತನಕ ಎಸೆಯುತ್ತಲೇ ಹೋದ. ಅಲ್ಲಿಂದ ಬೂದ ಕುಂಟುತ್ತ, ಸ್ವಲ್ಪ ನಡೆದು ತಿರುಗಿ ನೋಡುತ್ತ, ಮತ್ತೆ ನಡೆಯುತ್ತ, ಕೊನೆಗೆ ತಿರುಗಿ ನೋಡುವುದನ್ನು ಬಿಟ್ಟು ಸಿರಿಗೇರಿಯ ಹಾದಿ ಹಿಡಿದ. ಹಂಪಯ್ಯ ಮನೆಗೆ ಬಂದು ಕಂಬಕ್ಕೆ ಒರಗಿದ. ಮುಗಿಯಿತು, ಇನ್ನು ಬರುವುದಿಲ್ಲ, ಇನ್ನಾದರೂ ಅಲ್ಲಿ ನೆಲೆ ನಿಲ್ಲುತ್ತದೆ ಎಂದು ಹೇಳಿಕೊಂಡ.

ಹೊತ್ತು ಇಳಿದ ಮೇಲೆ ಸುಂಕಲಮ್ಮ ಸೆರಗು ತೋಯಿಸಿಕೊಂಡು, ಹಣೆತುಂಬ ಕುಂಕುಮ ಹಚ್ಚಿಕೊಂಡು ಬಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಇತ್ತು. ನೀರು ಹೇಗೆ ಬಂತು ಎಂದು ವರ್ಣಿಸತೊಡಗಿದಳು. ಮೊದಲು ನೊರೆ, ಕಸ, ತೇಲಿ ಬಂದ ಹಾವುಗಳು, ಆಮೇಲೆ ಕೆಂಪು ನೀರು, ನೋಡನೋಡುತ್ತಿದ್ದಂತೆ ಎರಡೂ ದಂಡೆ ತುಂಬಿ ಸುತ್ತಿ ಸುತ್ತಿ ಹರಿಯಿತು, ಒಬ್ಬನ ಕೈಯ ಛತ್ರಿ ಬಿದ್ದು ಮಾಯವಾಯಿತು. ಕೇಳುತ್ತ ಕೇಳುತ್ತ ಹಂಪಯ್ಯ ಕೂತಲ್ಲಿಂದ ಎದ್ದ.

"ಬೂದ ಬಂದಿದ್ದ," ಎಂದ. "ಆ ಕಡಿಗೇ ಓಡ್ಸೀನಿ."

ಹಂಪಯ್ಯ ಚಪ್ಪಲಿ ಮೆಟ್ಟದೆ ಓಡಿದ.

ದಂಡೆಯ ಮೇಲೆ ಜನ ಚದುರುತ್ತಿದ್ದರು. ಬೂದುಬಣ್ಣದ ನಾಯಿ ಕಂಡಿರಾ ಎಂದು ಸಿಕ್ಕಸಿಕ್ಕವರನ್ನು ಕೇಳಿದ. ಕುರಿ ಕಾಯುವ ಕೆಂಚಣ್ಣ ಕಂಡಿದ್ದ. ನಾಯಿ ದಂಡೆಯ ಮೇಲೆ ಅತ್ತಿಂದಿತ್ತ ಓಡಾಡಿತಂತೆ. ನೀರಿನ ಹತ್ತಿರ ಹೋಗಿ ಹಿಂದೆ ಬರುವುದು, ಊರ ಕಡೆ ತಿರುಗಿ ನಿಲ್ಲುವುದು, ಮತ್ತೆ ನೀರಿಗೆ ಹೋಗುವುದು. ಆಮೇಲೆ ಹಾರಿಬಿಟ್ಟಿತಂತೆ.

"ಈಜೇನೋ ಈಜ್ತು, ಆ ದಂಡೀನೂ ಮುಟ್ಟಿತು. ಕಲ್ಲಿನ ಗ್ವಾಡಿ ಅಲ್ಲೇನು, ಉಗುರು ಹಿಡೀಲಿಲ್ಲ. ಹತ್ತೋದು ಜಾರೋದು, ಹತ್ತೋದು ಜಾರೋದು." ಕೆಂಚಣ್ಣ ತಲೆ ತಗ್ಗಿಸಿದ. "ನಾವು ಯಾರೂ ಇಳೀಲಿಲ್ಲಪಾ. ಹೊಸಾ ನೀರು."

ಹಂಪಯ್ಯ ದಂಡೆಗುಂಟ ಕೆಳಗೆ ಕೆಳಗೆ ನಡೆದ. ಬೂದಾ, ಬೂದಾ ಎಂದು ಕರೆದ. ಕತ್ತಲಾಯಿತು, ಕೂತಲ್ಲೇ ಬೆಳಗಾಯಿತು. ಮತ್ತೆ ನಡೆದಾಗ ಆಚೆಯ ದಂಡೆಯಲ್ಲಿ ಒಬ್ಬ ಮನುಷ್ಯ ಎದುರಿಗೆ ಬರುತ್ತಿದ್ದ. ನಡಿಗೆಯಿಂದಲೇ ಗುರುತು ಸಿಕ್ಕಿತು. ಚಿನ್ನಪ್ಪ ಕೈಯಲ್ಲಿ ಹಗ್ಗ ಹಿಡಿದು ನಾಯಿಯನ್ನು ಹುಡುಕಿಕೊಂಡು ಹೊರಟಿದ್ದ.

ಇಬ್ಬರ ನಡುವೆ ಕೆಂಪು ನೀರು ಹರಿಯುತ್ತಿತ್ತು. ಚಿನ್ನಪ್ಪ ಕೈ ಎತ್ತಿ ಕೂಗಿದ.

"ಅಣ್ಣಾ, ಬೂದ ಬಂದಾನೇನು?"

ಹಂಪಯ್ಯ ನೀರಿನ ಕಡೆಗೆ ಕೈ ತೋರಿಸಿದ. ಚಿನ್ನಪ್ಪ ತಾನೂ ನೀರು ಹರಿಯುವ ಕಡೆಗೆ ತಿರುಗಿ ನಡೆದ. ಅಣ್ಣ ಈ ದಂಡೆಯಲ್ಲಿ, ತಮ್ಮ ಆ ದಂಡೆಯಲ್ಲಿ. ಒಬ್ಬರನ್ನೊಬ್ಬರು ನೋಡದೆ ಒಂದೇ ಸಮ ನಡೆದು ತೂಬಿನ ಸೇತುವೆಯ ಹತ್ತಿರ ಬಂದರು. ಕಂಬಕ್ಕೆ ತಡೆದು ನಿಂತ ಜೋಳದ ದಂಟು, ಜಾಲಿ ಕೊಂಬೆಗಳ ನಡುವೆ ಬೂದ ಇದ್ದ.

ಚಿನ್ನಪ್ಪ ಸೇತುವೆಗೆ ಹಗ್ಗ ಕಟ್ಟಿ ಇಳಿದು ಅವನನ್ನು ಎದೆಗೆ ಅಪ್ಪಿಕೊಂಡೇ ಮೇಲೆ ಬಂದ. ನೆಲದ ಮೇಲೆ ಮಲಗಿಸಿ ಮೈ ಒರೆಸುವಾಗ ಪಕ್ಕೆಯ ಮೇಲಿನ ಗಾಯ ಅವನ ಕೈಗೆ ಸಿಕ್ಕಿತು. ಮುಂಗಾಲಿನ ಉಗುರುಗಳು ಬೇರಿನ ತನಕ ಸವೆದಿದ್ದವು. ತಲೆ ಎತ್ತಿ, ಸೇತುವೆ ದಾಟಿ ಬಂದು ನಿಂತಿದ್ದ ಅಣ್ಣನನ್ನು ನೋಡಿದ.

"ನಾನಾ ಕಲ್ಲು ಹೊಡದೆ," ಎಂದ ಹಂಪಯ್ಯ. "ಮತ್ತ ಬರಬಾರದು ಅಂತ ಹೊಡದೆ."

ಚಿನ್ನಪ್ಪ ಸ್ವಲ್ಪ ದೂರದ ದಿಬ್ಬಕ್ಕೆ ಬೂದನನ್ನು ತಾನೇ ಹೊತ್ತುಕೊಂಡು ಹೋದ. ತೂಬಿನವರ ಗುದ್ದಲಿ ಕೇಳಿ ತಂದು ಗುಂಡಿ ತೋಡಿದ. ತನ್ನ ಹೆಗಲ ವಸ್ತ್ರ ಹಾಸಿ ಒಳಗೆ ಮಲಗಿಸಿದ. ಹಂಪಯ್ಯ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡಾಗ ಚಿನ್ನಪ್ಪ ತಡೆದ.

"ಆ ಕೈಲೆ ಹಾಕಬ್ಯಾಡ ಅಣ್ಣಾ."

ಹಂಪಯ್ಯನ ಮುಷ್ಟಿಯಿಂದ ಮಣ್ಣು ಕೆಳಗೆ ಸುರಿಯಿತು. ಅವನು ದೂರ ಸರಿದು ಬೆನ್ನು ಮಾಡಿ ಕೂತ. ಗುದ್ದಲಿಯ ಸದ್ದು ನಿಂತ ಮೇಲೆ ತಿರುಗಿ ನೋಡಿದರೆ ಚಿನ್ನಪ್ಪ ಸಿರಿಗೇರಿಯ ಹಾದಿಯಲ್ಲಿ ಆಗಲೇ ಸಣ್ಣಗೆ ಕಾಣುತ್ತಿದ್ದ.

ಮನೆಯಲ್ಲಿ ಚಿಗರಿ ಇದ್ದಳು. ಆದರೆ ಅವಳು ಮೊದಲಿನ ಚಿಗರಿಯಾಗಿರಲಿಲ್ಲ. ಸುಂಕಲಮ್ಮ ಕರೆದರೆ ಬರುತ್ತಿದ್ದಳು, ಅವಳು ಹಾಕಿದರೆ ತಿನ್ನುತ್ತಿದ್ದಳು. ಹಂಪಯ್ಯ ಅಂಗಳಕ್ಕೆ ಕಾಲಿಟ್ಟರೆ ಮಾತ್ರ ಅವಳ ಕಣ್ಣು ಅವನ ಕೈಯ ಮೇಲೆಯೇ ಇರುತ್ತಿತ್ತು. ಅವನು ಬೀಡಿ ಎತ್ತಿಕೊಳ್ಳಲು ಬಗ್ಗಿದರೂ ಕಿವಿ ಹಿಂದಕ್ಕೆ ಮಡಚಿ ಗೋಡೆಗೆ ಅಂಟುತ್ತಿದ್ದಳು. ಎಣ್ಣೆಯ ಬಟ್ಟಲು ಹಿಡಿದು ಹತ್ತಿರ ಹೋದರೆ ಪಾದ ಕೊಡುತ್ತಿದ್ದಳು, ಬೇಡವೆನ್ನುತ್ತಿರಲಿಲ್ಲ. ಆದರೆ ಅವನ ಬೆರಳಿನ ಕೆಳಗೆ ಅವಳ ಕಾಲು ಎಲೆಯ ಹಾಗೆ ನಡುಗುತ್ತಿತ್ತು. ತೊಡೆಯ ಮೇಲೆ ತಲೆ ಇಡಲಿಲ್ಲ. ಒಂದು ದಿನ ಬಯಲಿಗೆ ಕರೆದೊಯ್ದ. ಅಪರೂಪಕ್ಕೆ ಒಂದು ಮೊಲ ಬದುವಿನಿಂದ ಎದ್ದು ಓಡಿತು. ಹಗ್ಗ ಬಿಡಿಸಲು ಅವನು ಬಗ್ಗಿದ, ಚಿಗರಿ ಹೊಡೆತಕ್ಕೆ ಕಾಯುವವಳಂತೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿಬಿಟ್ಟಳು. ಹಂಪಯ್ಯ ಅವಳ ಪಕ್ಕದಲ್ಲೇ ಕೂತು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತ. ಅವಳು ಅದಕ್ಕೂ ಹೆದರಿದಳು.

ಬಳ್ಳಾರಿ ಮೈಸೂರು ಸೀಮೆಗೆ ಸೇರಿತೆಂದು ಊರಲ್ಲಿ ಸಿಹಿ ಹಂಚಿದ ದಿನಗಳವು. ಹಂಪಯ್ಯ ಚಿಗರಿಯನ್ನು ಕರೆದುಕೊಂಡು ಕರೂರಿಗೆ ನಡೆದ. ಸುಂಕಲಮ್ಮ ಅಡ್ಡ ಬರಲಿಲ್ಲ, ನಾಯಿಯ ಹಣೆಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಬಿಟ್ಟಳು. ಕರೂರಿನಲ್ಲಿ ಭತ್ತ ಮೊಳಕಾಲೆತ್ತರ ನಿಂತಿತ್ತು. ಚಿನ್ನಪ್ಪ ಗದ್ದೆಯಿಂದ ಕೆಸರುಗಾಲಲ್ಲೇ ಬಂದ. ಚಿಗರಿ ಹಗ್ಗ ಕಿತ್ತುಕೊಂಡು ಹೋಗಿ ಅವನ ಎದೆಗೆ ಎರಡೂ ಕಾಲು ಹಚ್ಚಿ ನಿಂತಳು, ಆಮೇಲೆ ಮನೆಯ ಮೂಲೆ ಮೂಲೆಯನ್ನೂ ಮೂಸುತ್ತ ಬೂದನನ್ನು ಹುಡುಕಿದಳು. ಹುಲುಗಮ್ಮ ಅದನ್ನು ನೋಡಲಾರದೆ ಒಳಗೆ ಹೋದಳು.

"ನನ್ನ ಹತ್ರ ಇರಾಂಗಿಲ್ಲ ಆಕಿ," ಎಂದ ಹಂಪಯ್ಯ. "ನನ್ನ ಕೈ ಕಂಡ್ರ ಹೆದರ್ತಾಳ. ನೀನಾ ಇಟಗೋ."

ಚಿನ್ನಪ್ಪ ಬಹಳ ಹೊತ್ತು ಚಿಗರಿಯ ಕಿವಿ ಸವರುತ್ತಿದ್ದ.

"ಜಂಬಣ್ಣನ ಮುಂದ ನಾ ಅಂಥಾ ಮಾತು ಆಡಬಾರದಾಗಿತ್ತು," ಎಂದ. ಕಂಬಳಿ ಹಾಸಿ, "ಕೂಡು ಅಣ್ಣಾ, ಉಂಡು ಹೋಗುವಂತಿ," ಎಂದ.

ಹಂಪಯ್ಯ ಕೂತ. ಹುಲುಗಮ್ಮ ಬಿಸಿ ಅನ್ನ ಬಡಿಸಿದಳು. ಅಣ್ಣ ತಮ್ಮ ಎದುರುಬದುರು ಕೂತು ಉಂಡರು. ಮಳೆ, ಗೊಬ್ಬರ, ಎತ್ತು ಎಂದು ಮಾತು ಬಂದಷ್ಟು ಆಡಿದರು. ಬೂದನ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ. ಹೊರಡುವಾಗ ಹಂಪಯ್ಯ ಚಿಗರಿಯನ್ನು ಮುಟ್ಟಲು ಹೋಗಲಿಲ್ಲ. ಅವಳು ತೊಲೆಬಾಗಿಲ ನೆರಳಲ್ಲಿ ಕೂತು ಅವನು ಹೋಗುವುದನ್ನು ನೋಡಿದಳು.

ಊರಿಗೆ ಬಂದ ಮಾರನೆಯ ದಿನವೇ ಅವನಿಗೆ ಭಯ ಹುಟ್ಟಿತು. ಬೂದ ಬಂದ ಹಾಗೆ ಇವಳೂ ಬಂದರೆ? ಕಾಲುವೆ ತುಂಬಿ ಹರಿಯುತ್ತಿತ್ತು. ಹಂಪಯ್ಯ ಹಗ್ಗ ಹಿಡಿದು ದಂಡೆಗೆ ಹೋಗಿ ಕೂತ. ಕೂಲಿ ಮುಗಿದ ಮೇಲೆ ಸಂಜೆ, ಕೂಲಿಯಿಲ್ಲದ ದಿನ ಬೆಳಿಗ್ಗೆಯಿಂದ, ಸಿರಿಗೇರಿಯ ಹಾದಿ ಕಾಲುವೆಯನ್ನು ಮುಟ್ಟುವ ಜಾಗದಲ್ಲಿ ಕೂರುತ್ತಿದ್ದ. ಅವಳು ಆಚೆ ದಂಡೆಯಲ್ಲಿ ಕಂಡರೆ ಕೂಗಿ ನಿಲ್ಲಿಸಬೇಕು, ಸೇತುವೆಯ ಮೇಲೆ ಸುತ್ತಿ ಹೋಗಿ ಕರೆತರಬೇಕು. ಊರವರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು.

ಚಿಗರಿ ಬರಲಿಲ್ಲ. ಸುಗ್ಗಿಯ ಹೊತ್ತಿಗೆ ಜಂಬಣ್ಣ ಗಾಡಿ ನಿಲ್ಲಿಸಿ ಸುದ್ದಿ ಹೇಳಿದ. ಹುಲುಗಮ್ಮ ಗಂಡುಕೂಸು ಹೆತ್ತಿದ್ದಾಳೆ, ಚಿಗರಿ ತೊಟ್ಟಿಲ ಕೆಳಗೇ ಮಲಗುತ್ತಾಳೆ, ಮೈ ತುಂಬಿಕೊಂಡಿದ್ದಾಳೆ, ಗದ್ದೆಯ ಬದುವಿನ ಮೇಲೆ ಚಿನ್ನಪ್ಪನ ಹಿಂದೆ ಹಿಂದೆ ತಿರುಗುತ್ತಾಳೆ. ಎಂದಾದರೂ ಹಗ್ಗ ಕಡಿದು ಓಡಲು ನೋಡಿದಳೇ ಎಂದು ಹಂಪಯ್ಯ ಕೇಳಿದ.

"ಇಲ್ಲ. ಆಕೀನ ಕಟ್ಟೇ ಇಲ್ಲ," ಎಂದ ಜಂಬಣ್ಣ.

ಒಳ್ಳೆಯದಾಯಿತು ಎಂದ ಹಂಪಯ್ಯ. ನಿಜಕ್ಕೂ ಒಳ್ಳೆಯದೇ ಆಗಿತ್ತು. ಗಾಡಿ ಮುಂದೆ ಹೋದ ಮೇಲೆ ಅವನು ಮನೆಗೆ ಹೋಗಲು ಎದ್ದು ಧೋತರದ ಮಣ್ಣು ಕೊಡವಿಕೊಂಡ. ಆದರೂ ಇವತ್ತು ಬಂದುಬಿಟ್ಟರೆ ಎಂದು ಮತ್ತೆ ಅಲ್ಲೇ ಕೂತ. ಹೊತ್ತು ಮುಳುಗುವಾಗ ಸುಂಕಲಮ್ಮ ಬಂದು ಉಣ್ಣಲು ಬಾ ಎಂದಳು. ಅವನು ಮೇಲೇಳದಿದ್ದಾಗ ಅವಳೂ ಪಕ್ಕದಲ್ಲಿ ಕೂತಳು, ಇಬ್ಬರೂ ಆಚೆ ದಂಡೆಯನ್ನು ನೋಡುತ್ತ ಉಳಿದರು.